ಅಕ್ಕ ಕೇಳಿದ ಪ್ರಶ್ನೆ: ಎಚ್‌ಪಿವಿ ಲಸಿಕೆ ಹಾಕಿಸಬೇಕೋ, ಬ್ಯಾಡೋ?

ಪಾಡ್‌ಕಾಸ್ಟ್ ಪಠ್ಯ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ವಾಡಿ ಸ್ಟೇಷನ್‌ನಲ್ಲಿ ಗಾಡಿ ಕಾಯ್ತಾ ಕೂತೋರಿಗೆ, ಸಿಮೆಂಟ್ ಫ್ಯಾಕ್ಟರಿ ಶಿಫ್ಟ್ ಮುಗಿಸಿ ಬರ್ತಾ ಇರೋರಿಗೆ, ಹೈದರಾಬಾದ್‌ನಲ್ಲಿ ರೂಮ್ ಮಾಡ್ಕೊಂಡು ನಮ್ಮ ಭಾಷೆ ಕೇಳ್ಬೇಕು ಅಂತ ಇದನ್ನ ಹಚ್ಚಿದೋರಿಗೆ, ಎಲ್ಲರಿಗೂ ಈ ಎಪಿಸೋಡ್.

ನಾನು ಡಾಕ್ಟರ್ ಅಲ್ಲ. ಓದಿದ್ದು ಬಿ.ಕಾಂ. ಹಗಲು ಸೇಡಂನಲ್ಲಿ ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೀತೀನಿ, ರಾತ್ರಿ ಈ ಮೈಕ್ ಮುಂದೆ ಕೂಡ್ತೀನಿ. ಇವತ್ತಿನ ವಿಷಯಕ್ಕೆ ಬರೋಕೆ ಕಾರಣ ನನ್ನ ಅಕ್ಕ. ಅಕ್ಕ ಇರೋದು ನಮ್ಮೂರು ಕುಂಚಾವರಂನಲ್ಲೇ. ಚಿಂಚೋಳಿ ಕಾಡು ದಾಟಿದ ಮೇಲೆ, ತೆಲಂಗಾಣ ಗಡಿಗೆ ಅಂಟಿಕೊಂಡ ಊರು. ಅರ್ಧ ಮಾತು ಕನ್ನಡ, ಅರ್ಧ ತೆಲುಗು, ತಾಂಡಾಗಳಲ್ಲಿ ಲಂಬಾಣಿ. ಅವಳ ಮಗಳಿಗೆ ಈಗ 14 ವರ್ಷ, ಹಾಸ್ಟೆಲ್‌ನಲ್ಲಿದ್ದು ಓದ್ತಾಳೆ.

ಹೋದ ವಾರ ಅಕ್ಕ ಫೋನ್ ಮಾಡಿದ್ಲು. "ತಮ್ಮಾ, ಸಾಲಿಯಿಂದ ಒಂದು ಫಾರಂ ಬಂದದ. ಕ್ಯಾನ್ಸರ್ ಬರಬಾರದಂತ ಹುಡುಗ್ಯಾರಿಗೆ ಇಂಜೆಕ್ಷನ್ ಅಂತ. ಸೈ ಮಾಡಬೇಕಂತ. ಇಲ್ಲಿ ನೋಡಿದ್ರ ವಾಟ್ಸಾಪ್‌ನಾಗ ತೆಲುಗಿನಾಗ ಒಂದು ವಾಯ್ಸ್ ಬಂದದ, ಖಮ್ಮಂನಾಗ ಇದೇ ಇಂಜೆಕ್ಷನ್ ಹಾಕಿ ಹುಡುಗ್ಯಾರು ಸತ್ತಾರಂತ. ಏನು ಮಾಡ್ಲಿ?"

ನಾನು "ಅಕ್ಕಾ, ಅದೆಲ್ಲ ಸುಳ್ಳು" ಅನ್ನೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವಳು ಅಂದ್ಲು: "ಅವ್ವಗೂ ಹಿಂಗೇ ಕ್ಯಾನ್ಸರ್ ಬರ್ತದ ಅಂತ ಹೆದರ್ಸಿ ಚೀಲ ತೆಗೆದ್ರು. ಈಗ ನನ್ನ ಮಗಳಿಗೂ ಹೆದರ್ಸಲಕತ್ತಾರೇನು?"

ನಾನು ಸುಮ್ನಾದೆ. ಅವಳು ಕೇಳಿದ್ದರಲ್ಲಿ ತಪ್ಪೇನೂ ಇರ್ಲಿಲ್ಲ. "ಎರಡು ದಿನ ಟೈಮ್ ಕೊಡು" ಅಂದೆ. ಆ ಎರಡು ದಿನ ನಾನು ಓದಿದ್ದೇ ಇವತ್ತಿನ ಎಪಿಸೋಡ್.

ಮೊದಲು ಅವ್ವನ ಫೈಲ್

2010ರ ಸುಮಾರು. ನಾನಾಗ ಎಂಟನೇ ಕ್ಲಾಸ್. ಅವ್ವಗೆ 38 ವರ್ಷ. ಬಿಳಿ ಸೆರಗು ಹೋಗ್ತಿತ್ತು, ನಡ ನೋವು ಇತ್ತು. ಒಂದು ಖಾಸಗಿ ದವಾಖಾನೆಗೆ ಹೋದ್ಲು. ಹೊಟ್ಟೆ ಸ್ಕ್ಯಾನ್ ಮಾಡಿದ್ರು. "ಗರ್ಭಚೀಲ ಹುಣ್ಣಾಗ್ಯದ, ಹಂಗೇ ಇಟ್ರೆ ಕ್ಯಾನ್ಸರ್ ಆಗ್ತದ" ಅಂದ್ರು. ಅಪ್ಪ ಬಡ್ಡಿಗೆ 28 ಸಾವಿರ ತಂದ. ಮೂರನೇ ದಿನ ಆಪರೇಷನ್ ಆಯ್ತು. ಅಂಡಾಶಯನೂ ತೆಗೆದಿದ್ದಾರೆ ಅಂತ ನಮಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಮೈ ಉರಿ, ಮೂಳೆ ನೋವು ಅವತ್ತಿಂದ ಶುರುವಾಗಿದ್ದು ಇನ್ನೂ ಹೋಗಿಲ್ಲ.

ಈ ಸಲ ಊರಿಗೆ ಹೋದಾಗ ಆ ಫೈಲ್ ತೆಗೆದು ನೋಡಿದೆ. ಸ್ಕ್ಯಾನ್ ಚೀಟಿ ಇದೆ, ಡಿಸ್ಚಾರ್ಜ್ ಕಾರ್ಡ್ ಇದೆ, ಬಿಲ್ ಇದೆ. ಕ್ಯಾನ್ಸರ್ ಇದೆ ಅಥವಾ ಬರೋ ಲಕ್ಷಣ ಇದೆ ಅಂತ ಹೇಳೋ ಒಂದು ಪರೀಕ್ಷೆಯ ಕಾಗದವೂ ಇಲ್ಲ. ನಮ್ಮ ಲೆಕ್ಕದಲ್ಲಿ ಮೊದಲ ಪಾಠ ಏನು ಗೊತ್ತಾ? ವೋಚರ್ ಇಲ್ಲದೆ ಎಂಟ್ರಿ ಇಲ್ಲ. ಅವ್ವನ ಮೈಮೇಲೆ ವೋಚರ್ ಇಲ್ಲದ ಎಂಟ್ರಿ ಬಿದ್ದಿದೆ.

ಇದು ನಮ್ಮ ಒಂದೇ ಮನೆ ಕಥೆ ಆಗಿದ್ರೆ ಹೇಳ್ತಿರಲಿಲ್ಲ. ಕಲಬುರಗಿಯ ಕೆಲವು ಖಾಸಗಿ ಆಸ್ಪತ್ರೆಗಳು ಬೇಕಿಲ್ಲದಿದ್ರೂ ಗರ್ಭಚೀಲ ತೆಗೆದಿವೆ ಅನ್ನೋ ಆರೋಪದ ಮೇಲೆ 2015ರ ಹೊತ್ತಿಗೆ ದೊಡ್ಡ ತನಿಖೆ ಆಯ್ತು. ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ವಿಷಯ ಅದು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಂಗಸರು, ಬಹಳ ಮಂದಿಗೆ 40 ಕೂಡ ದಾಟಿರಲಿಲ್ಲ. 2017ರಲ್ಲಿ ಅವರೇ ಜಿಲ್ಲಾಧಿಕಾರಿ ಕಚೇರಿ ಮುಂದೆ ಬಂದು ಕೂತು ನ್ಯಾಯ ಕೇಳಿದ್ರು. 2023ರಲ್ಲಿ ಸುಪ್ರೀಂ ಕೋರ್ಟ್, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯೋ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಹೇಳಿತು.

ಹಾಗಾಗಿ ನಮ್ಮ ಕಡೆ ಯಾರಾದ್ರೂ "ಕ್ಯಾನ್ಸರ್ ಬರ್ತದ" ಅಂದ್ರೆ ಹೆಂಗಸರು ಅನುಮಾನ ಪಡೋದಕ್ಕೆ ಕಾರಣ ಇದೆ. ಆದ್ರೆ ಆ ಕ್ಯಾನ್ಸರ್ ಸುಳ್ಳಲ್ಲ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ತೀರಿಕೊಂಡ್ರು. ದಿನಕ್ಕೆ 200ಕ್ಕಿಂತ ಜಾಸ್ತಿ. ಅಂದ್ರೆ ರೋಗನೂ ಖರೆ, ರೋಗದ ಹೆಸರಲ್ಲಿ ಆದ ಮೋಸನೂ ಖರೆ. ಎರಡರಿಂದಲೂ ಉಳೀಬೇಕು ಅಂದ್ರೆ ಈ ವೈರಸ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೋಬೇಕು.

ಎಚ್‌ಪಿವಿ ಅಂದ್ರೆ ಏನು?

ಹ್ಯೂಮನ್ ಪ್ಯಾಪಿಲೋಮಾ ವೈರಸ್. ಒಂದೇ ಅಲ್ಲ, 200ಕ್ಕೂ ಹೆಚ್ಚು ಬಗೆ. ಕೈ ಮೇಲೆ, ಕಾಲ ಕೆಳಗೆ ಆಗೋ ನರಹುಲಿಗೂ ಇದೇ ಕುಟುಂಬದ ವೈರಸ್ ಕಾರಣ. ಕೆಲವು ಬಗೆ ಜನನಾಂಗದ ಚರ್ಮಕ್ಕೆ ತಗಲುತ್ತವೆ. ಅದರಲ್ಲಿ 6 ಮತ್ತು 11ನೇ ನಂಬರ್‌ನವು ಗುಪ್ತಾಂಗದ ನರಹುಲಿ ತರ್ತವೆ, ಕ್ಯಾನ್ಸರ್ ಅಲ್ಲ. ಸುಮಾರು ಒಂದು ಡಜನ್ ಬಗೆ ಮಾತ್ರ ಅಪಾಯದವು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ 100ಕ್ಕೆ ಸುಮಾರು 70 ಬರೋದು 16 ಮತ್ತು 18ನೇ ನಂಬರ್‌ನಿಂದ. ಜರ್ಮನಿಯ ಹೆರಾಲ್ಡ್ ಜುರ್ ಹಾಸನ್ ಅನ್ನೋ ವಿಜ್ಞಾನಿ 1983-84ರಲ್ಲಿ ಇದನ್ನ ಕಂಡುಹಿಡಿದರು, 2008ರಲ್ಲಿ ಅವರಿಗೆ ನೊಬೆಲ್ ಬಂತು.

ಗರ್ಭಕಂಠ ಅಂದ್ರೆ ಗರ್ಭಚೀಲದ ಬಾಯಿ. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ವೈರಸ್ ಬರುತ್ತೆ. ಕಾಂಡೋಮ್ ಅಪಾಯ ಕಡಿಮೆ ಮಾಡುತ್ತೆ, ಆದ್ರೆ ಅದು ಮುಚ್ಚದ ಚರ್ಮವೂ ತಾಗೋದ್ರಿಂದ ಪೂರ್ತಿ ತಡೆಯಲ್ಲ. ಲೈಂಗಿಕ ಜೀವನ ಇರೋ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಜೀವನದಲ್ಲಿ ಯಾವಾಗಾದ್ರೂ ಒಮ್ಮೆ ಇದು ತಗಲಿಯೇ ತಗಲುತ್ತೆ. ಜ್ವರ ಇಲ್ಲ, ನೋವಿಲ್ಲ, ಗೊತ್ತೇ ಆಗಲ್ಲ. ಮದುವೆಗಿಂತ ಎಷ್ಟೋ ಮುಂಚೆ ಬಂದಿದ್ದು ಹಲವು ವರ್ಷ ಆದಮೇಲೂ ಪರೀಕ್ಷೆಯಲ್ಲಿ ಕಾಣಬಹುದು. ಹಾಗಾಗಿ ಯಾರಿಗಾದ್ರೂ ಎಚ್‌ಪಿವಿ ಪಾಸಿಟಿವ್ ಬಂದ್ರೆ ಅದು ಯಾರ ನಡತೆಗೂ ಸರ್ಟಿಫಿಕೇಟ್ ಅಲ್ಲ. ದಯವಿಟ್ಟು ಇದೊಂದು ಮಾತನ್ನ ಮನೆಯಲ್ಲಿ ಜಗಳಕ್ಕೆ ಬಳಸ್ಬೇಡಿ.

ಒಳ್ಳೆ ಸುದ್ದಿ ಏನಂದ್ರೆ, ತಗಲಿದ 10 ಜನರಲ್ಲಿ ಸುಮಾರು 9 ಜನರ ಮೈಯಿಂದ ಎರಡು ವರ್ಷದೊಳಗೆ ವೈರಸ್ ತಾನಾಗಿ ಹೋಗುತ್ತೆ. ನಮ್ಮ ರೋಗ ನಿರೋಧಕ ಶಕ್ತಿನೇ ಅದನ್ನ ಓಡಿಸುತ್ತೆ. ಕೆಲವರಲ್ಲಿ ಮಾತ್ರ ಅದು ಉಳ್ಕೊಳ್ಳುತ್ತೆ. ಆಗ ಏನಾಗುತ್ತೆ? ನಮ್ಮ ಪ್ರತಿ ಜೀವಕೋಶದಲ್ಲೂ ಆಡಿಟರ್ ಥರದ ಪ್ರೋಟೀನ್‌ಗಳಿವೆ. ತಪ್ಪು ಎಂಟ್ರಿ ಕಂಡ್ರೆ ಕೆಲಸ ನಿಲ್ಲಿಸೋದು, ಬೇಕಿಲ್ಲದೆ ಕೋಶ ಬೆಳೀದಂತೆ ತಡೆಯೋದು ಅವುಗಳ ಡ್ಯೂಟಿ. ವೈರಸ್‌ನ ಇ6, ಇ7 ಅನ್ನೋ ಎರಡು ಪ್ರೋಟೀನ್‌ಗಳು ಈ ಆಡಿಟರ್‌ಗಳನ್ನೇ ಕೆಲಸದಿಂದ ತೆಗೆದುಹಾಕ್ತವೆ. ಆಮೇಲೆ ತಪ್ಪಿನ ಮೇಲೆ ತಪ್ಪು ಕೂಡ್ತಾ ಹೋಗುತ್ತೆ, ಯಾರೂ ಕೇಳೋರಿಲ್ಲ.

ಆದ್ರೂ ಇದು ರಾತ್ರೋರಾತ್ರಿ ಆಗೋದಲ್ಲ. ಸೋಂಕಿನಿಂದ ಕ್ಯಾನ್ಸರ್‌ವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ. ಎಚ್‌ಐವಿ ಇದ್ದು ಚಿಕಿತ್ಸೆ ಇಲ್ಲದವರಲ್ಲಿ 5ರಿಂದ 10 ವರ್ಷ. ಬೀಡಿ-ಸಿಗರೇಟು ಸೇದೋರಿಗೆ ಅಪಾಯ ಜಾಸ್ತಿ. ಈ 15-20 ವರ್ಷದಲ್ಲಿ ಬಹಳ ಕಾಲ ಅದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮುಂಚಿನ ಹಂತ. ಆಗ ಸಿಕ್ಕರೆ ಗರ್ಭಕಂಠದ ಆ ಕೆಟ್ಟ ಜಾಗವನ್ನ ಮಾತ್ರ ಸುಟ್ಟೋ, ತಣ್ಣಗೆ ಗಡ್ಡೆ ಕಟ್ಟಿಸಿಯೋ, ಸಣ್ಣದಾಗಿ ಕತ್ತರಿಸಿಯೋ ತೆಗೀತಾರೆ. ಬಹಳ ಸಲ ಅವತ್ತೇ ಮನೆಗೆ ಬರಬಹುದು, ಗರ್ಭಚೀಲ ಹಾಗೇ ಉಳಿಯುತ್ತೆ.

ಅವ್ವಗೆ ಯಾರೂ ಹೇಳದೇ ಇದ್ದ ಮಾತು ಇದು. ಬಿಳಿ ಸೆರಗು ಹೋಗೋದು ಬಹಳ ಸಲ ಸಾಧಾರಣ ಸೋಂಕು, ಗುಳಿಗೆಯಲ್ಲಿ ವಾಸಿಯಾಗುತ್ತೆ. ಮುಂದೆ ಕ್ಯಾನ್ಸರ್ ಬರಬಹುದು ಅಂತ ಪರೀಕ್ಷೆ ಇಲ್ಲದೆ ಚೀಲ ತೆಗೆಯೋದು ಚಿಕಿತ್ಸೆ ಅಲ್ಲ.

ಪಕ್ಕದ ಜಿಲ್ಲೆಯ ಲೆಕ್ಕ

ಪರೀಕ್ಷೆ ಮಾಡಿಸಿದ್ರೆ ನಿಜಕ್ಕೂ ಜೀವ ಉಳಿಯುತ್ತಾ? ಇದಕ್ಕೆ ಜಗತ್ತು ನೋಡುವಂಥ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದಲ್ಲೇ. ಆಳಂದ ದಾಟಿ ಉಮರ್ಗಾ ಕಡೆ ಹೋದ್ರೆ ಬರೋ ಜಿಲ್ಲೆ ಉಸ್ಮಾನಾಬಾದ್, ಈಗ ಧಾರಾಶಿವ. ನಮ್ಮ ಹಾಗೇ ನಿಜಾಮರ ಕಾಲದ ಹೈದರಾಬಾದ್ ಸಂಸ್ಥಾನದಲ್ಲಿದ್ದ ಸೀಮೆ, ನಮ್ಮ ಹಾಗೇ ಮಳೆ ನಂಬಿದ ಹಳ್ಳಿಗಳು. ಅಲ್ಲಿ 30ರಿಂದ 59 ವರ್ಷದ 1,31,746 ಹೆಂಗಸರನ್ನ ನಾಲ್ಕು ಗುಂಪು ಮಾಡಿ ಒಂದು ಅಧ್ಯಯನ ನಡೀತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಪ್ಯಾಪ್ ಥರದ ಕೋಶ ಪರೀಕ್ಷೆ, ಒಂದಕ್ಕೆ ವಿಐಎ, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. 2009ರಲ್ಲಿ ಫಲಿತಾಂಶ ಬಂತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಆದ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34. ಪರೀಕ್ಷೆ ಇಲ್ಲದ ಗುಂಪಿನಲ್ಲಿ 64. ಹತ್ರ ಹತ್ರ ಅರ್ಧ.

ಆ ನಾಲ್ಕನೇ ಗುಂಪಿಗೆ ಪರೀಕ್ಷೆ ಕೊಡದೇ ಬಿಟ್ಟಿದ್ದು ಸರಿನಾ ಅಂತ ಆಮೇಲೆ ಟೀಕೆ ಬಂತು. ಆ ಪ್ರಶ್ನೆ ನ್ಯಾಯವಾದದ್ದೇ. ಆದ್ರೆ ಆ ಹೆಂಗಸರಿಂದ ಜಗತ್ತು ಕಲಿತದ್ದನ್ನ ನಾವು ಉಪಯೋಗಿಸದೇ ಇದ್ರೆ ಅದು ಇನ್ನೂ ದೊಡ್ಡ ಅನ್ಯಾಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರಲ್ಲಿ ಈ ಪರೀಕ್ಷೆ ಒಮ್ಮೆಯಾದ್ರೂ ಮಾಡಿಸ್ಕೊಂಡವರು ಶೇ 1.9. ನೂರಕ್ಕೆ ಇಬ್ಬರೂ ಇಲ್ಲ.

ಎಚ್‌ಪಿವಿ ಪರೀಕ್ಷೆ ಎಲ್ಲ ಕಡೆ ಸಿಗಲ್ಲ. ಸರ್ಕಾರಿ ವ್ಯವಸ್ಥೆಯಲ್ಲಿ 30 ವರ್ಷ ಆದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಮಾಡಬೇಕು ಅಂತ ನಿಯಮ ಇದೆ. ಗೋಬಿ ಬಂಡಿಯಲ್ಲಿ ವಿನೆಗರ್ ಇರುತ್ತಲ್ಲ, ಅದೇ ಜಾತಿಯ ತೆಳು ಆಮ್ಲವನ್ನ ನರ್ಸ್ ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ನೋಡ್ತಾರೆ. ಕೆಟ್ಟ ಜಾಗ ಇದ್ರೆ ಬೆಳ್ಳಗಾಗುತ್ತೆ. ಕೊಯ್ಯೋದಿಲ್ಲ, ಚುಚ್ಚೋದಿಲ್ಲ. ಉಸ್ಮಾನಾಬಾದ್‌ನಲ್ಲಿ ಒಂದೇ ಸಲದ ವಿಐಎಯಿಂದ ಸಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಆದ್ರೆ ಮುಂಬೈನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ಸುಮಾರು 1.5 ಲಕ್ಷ ಹೆಂಗಸರಲ್ಲಿ ಮಾಡಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಮತ್ತೆ ಮತ್ತೆ ಮಾಡಿದಾಗ, ಸಾವು ಶೇ 31ರಷ್ಟು ಕಡಿಮೆ ಆಯ್ತು.

ಖಮ್ಮಂನಲ್ಲಿ ಆಗಿದ್ದೇನು?

ಈಗ ಅಕ್ಕನ ವಾಟ್ಸಾಪ್ ವಾಯ್ಸ್‌ಗೆ ಬರೋಣ. ಅದರಲ್ಲಿ ಅರ್ಧ ಖರೆ ಇದೆ.

2009ರ ಜುಲೈನಲ್ಲಿ ಆಗಿನ ಆಂಧ್ರದ, ಈಗಿನ ತೆಲಂಗಾಣದ ಖಮ್ಮಂ ಜಿಲ್ಲೆಯಲ್ಲಿ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದ್ರು. ನಡೆಸಿದ್ದು ಪಾತ್ ಅನ್ನೋ ವಿದೇಶಿ ಸಂಸ್ಥೆ, ಜೊತೆಗೆ ಐಸಿಎಂಆರ್ ಮತ್ತು ರಾಜ್ಯ ಸರ್ಕಾರ. ಗುಜರಾತ್‌ನ ವಡೋದರದಲ್ಲೂ ಹೀಗೇ ನಡೀತು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡ್ರು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು.

ತನಿಖೆಯಲ್ಲಿ ಗೊತ್ತಾಗಿದ್ದು: ಹಾವು ಕಚ್ಚಿದ್ದು, ನೀರಿಗೆ ಬಿದ್ದದ್ದು, ಕೀಟನಾಶಕ ಕುಡಿದದ್ದು, ಮಲೇರಿಯಾ, ಇಂಥ ಕಾರಣಗಳಿಂದ ಆದ ಸಾವುಗಳು. ಲಸಿಕೆಗೆ ಸಂಬಂಧ ಕಾಣಲಿಲ್ಲ. ಆದ್ರೆ ಒಪ್ಪಿಗೆ ಪತ್ರ ತೆಗೆದು ನೋಡಿದಾಗ ಬೇರೆ ತಪ್ಪು ಸಿಕ್ಕಿತು. ಆಂಧ್ರದ 9,543 ಫಾರಂಗಳಲ್ಲಿ 2,763ಕ್ಕೆ ಸೈ ಮಾಡಿದ್ದು ಹಾಸ್ಟೆಲ್ ವಾರ್ಡನ್‌ಗಳು. 1,948ರಲ್ಲಿ ಬರೀ ಹೆಬ್ಬೆಟ್ಟು. ಆದಿವಾಸಿ ಹುಡುಗಿಯರು, ಬಡವರ ಮಕ್ಕಳು. ಅಪ್ಪ-ಅವ್ವಗೆ ಏನು, ಯಾಕೆ ಅಂತ ಗೊತ್ತೇ ಇಲ್ಲ. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಇದನ್ನ ಖಾರವಾಗಿ ಖಂಡಿಸಿತು.

ಹಾಗಾಗಿ ಖಮ್ಮಂನಿಂದ ಕಲೀಬೇಕಾದ್ದು ಲಸಿಕೆಗೆ ಹೆದರೋದಲ್ಲ. ಕೇಳದೆ, ಹೇಳದೆ ನಮ್ಮ ಮಕ್ಕಳ ಮೈ ಮುಟ್ಟಬಾರದು, ಅಷ್ಟೇ. ಅಕ್ಕನ ಕೈಗೆ ಫಾರಂ ಬಂದಿದೆ, ವಾರ್ಡನ್ ಸೈ ಮಾಡಿ ಮುಗಿಸಿಲ್ಲ. ಆ ಬದಲಾವಣೆಗೆ ಖಮ್ಮಂನ ಹುಡುಗಿಯರಿಗೆ ನಾವು ಋಣಿ.

ಒಂದು ಡೋಸ್ ಸಾಕು ಅಂತ ಹೇಗೆ ಗೊತ್ತಾಯ್ತು?

2010ರಲ್ಲಿ ಸರ್ಕಾರ ಎಲ್ಲ ನಿಲ್ಲಿಸಿದಾಗ ಇನ್ನೊಂದು ಬೇರೆ ಅಧ್ಯಯನವೂ ಅರ್ಧಕ್ಕೆ ನಿಂತಿತು. ಮೂರು ಡೋಸ್ ಬೇಕಾ, ಎರಡು ಸಾಕಾ ಅಂತ ನೋಡೋ ಅಧ್ಯಯನ ಅದು. ದೇಶದ ಹಲವು ಕಡೆ ನಡೀತಿತ್ತು, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲೂ ಇತ್ತು. ಸುಮಾರು 17,700 ಹುಡುಗಿಯರು. ತಟ್ಟನೆ ನಿಂತಿದ್ದರಿಂದ ಕೆಲವರಿಗೆ ಮೂರು, ಕೆಲವರಿಗೆ ಎರಡು, ಸುಮಾರು 5 ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ವಿಜ್ಞಾನಿಗಳು ಅವರನ್ನ ಕೈಬಿಡದೆ ಹತ್ತು ವರ್ಷ ಗಮನಿಸಿದ್ರು. 2021ರಲ್ಲಿ ಬಂದ ಫಲಿತಾಂಶ: 16 ಮತ್ತು 18ನೇ ಬಗೆ ಮೈಯಲ್ಲಿ ಬೇರೂರದಂತೆ ತಡೆಯೋದ್ರಲ್ಲಿ ಒಂದು ಡೋಸ್ ಕೂಡ ಶೇ 95ರಷ್ಟು ಕೆಲಸ ಮಾಡಿತ್ತು, ಮೂರು ಡೋಸಿನಷ್ಟೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದು ಡೋಸ್ ಕೊಟ್ಟರೂ ಆಗುತ್ತೆ ಅಂತ ಹೇಳೋದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಇದೂ ಒಂದು.

ಲಸಿಕೆಯಲ್ಲಿ ವೈರಸ್ ಇರಲ್ಲ, ಅದರ ಹೊರಗಿನ ಚಿಪ್ಪಿನಂಥ ಪ್ರೋಟೀನ್ ಮಾತ್ರ. ಹಾಗಾಗಿ ಅದರಿಂದ ಸೋಂಕು ಬರೋ ಮಾತೇ ಇಲ್ಲ. ಮಕ್ಕಳಾಗಲ್ಲ ಅನ್ನೋದೂ ಸುಳ್ಳು. ತೋಳು ನೋವು, ಸ್ವಲ್ಪ ಜ್ವರ ಬರಬಹುದು. ಕೆಲವು ಹುಡುಗಿಯರಿಗೆ ತಲೆ ತಿರುಗುತ್ತೆ, ಅದಕ್ಕೇ 15 ನಿಮಿಷ ಅಲ್ಲೇ ಕೂಡಿಸ್ತಾರೆ. ಸ್ವೀಡನ್‌ನಲ್ಲಿ 17 ವರ್ಷಕ್ಕಿಂತ ಮುಂಚೆ ಲಸಿಕೆ ಹಾಕಿಸ್ಕೊಂಡವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇ 88ರಷ್ಟು ಕಡಿಮೆ ಅಂತ 2020ರಲ್ಲಿ ಲೆಕ್ಕ ಸಿಕ್ಕಿತು. ನಮ್ಮ ದೇಶದಲ್ಲೂ ಪುಣೆಯ ಸೀರಮ್ ಸಂಸ್ಥೆಯ ಸರ್ವಾವ್ಯಾಕ್‌ಗೆ 2022ರಲ್ಲಿ ಅನುಮತಿ ಸಿಕ್ಕಿದೆ.

9ರಿಂದ 14ನೇ ವಯಸ್ಸು ಯಾಕೆ? ಈ ವಯಸ್ಸಲ್ಲಿ ಮೈ ಚೆನ್ನಾಗಿ ಪ್ರತಿಕ್ರಿಯೆ ಕೊಡುತ್ತೆ, ವೈರಸ್ ಇನ್ನೂ ತಗಲಿರಲ್ಲ. ಆಗಲೇ ಒಳಗೆ ಬಂದ ವೈರಸ್ಸನ್ನ ಲಸಿಕೆ ಹೊರಗೆ ಹಾಕಲ್ಲ. ಲಸಿಕೆ ಎಲ್ಲ ಅಪಾಯದ ಬಗೆಗಳನ್ನೂ ಮುಚ್ಚಲ್ಲ, ಹಾಗಾಗಿ ಹಾಕಿಸ್ಕೊಂಡವರೂ 30 ಆದಮೇಲೆ ಪರೀಕ್ಷೆ ಮಾಡಿಸ್ಲೇಬೇಕು.

ಹುಡುಗರೇ, ಫೋನ್ ಇಡಬೇಡಿ

ಇದು ಹೆಂಗಸರ ವಿಷಯ ಅಂತ ಮುಂದಕ್ಕೆ ಓಡಿಸ್ತಾ ಇರೋ ಗೆಳೆಯರಿಗೆ ಎರಡು ಮಾತು. ಈ ವೈರಸ್ ಗಂಡಸರ ಮೈಯಲ್ಲೂ ಇರುತ್ತೆ, ಶಿಶ್ನ, ಗುದದ್ವಾರ, ಗಂಟಲಿನ ಕೆಲವು ಕ್ಯಾನ್ಸರ್‌ಗಳನ್ನ ತರುತ್ತೆ. ನಮ್ಮಲ್ಲಿ ಅದನ್ನ ಹುಡುಕೋ ಸಾಮಾನ್ಯ ಪರೀಕ್ಷೆ ಗಂಡಸರಿಗಿಲ್ಲ. ಆದ್ರೆ ಇನ್ನೊಂದು ಕೆಲಸ ನಮ್ಮ ಕೈಯಲ್ಲಿದೆ. ಅವ್ವನ್ನ, ಅಕ್ಕನ್ನ, ಹೆಂಡತೀನ ದವಾಖಾನೆಗೆ ಬೈಕ್ ಮೇಲೆ ಕರ್ಕೊಂಡು ಹೋಗೋರು ನಾವೇ. ಹೊರಗೆ ಚಹಾ ಕುಡೀತಾ ನಿಲ್ಲೋ ಬದಲು ಒಳಗೆ ಹೋಗಿ ಕಾಗದ ಕೇಳಿ.

ಏನು ಕೇಳ್ಬೇಕು? ಬರ್ಕೊಳ್ಳಿ. ಸಂಭೋಗ ಆದಮೇಲೆ ರಕ್ತ, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ವಾಸನೆ ಇರೋ ಸ್ರಾವ, ಇವಿದ್ರೆ ತಡ ಮಾಡದೆ ತೋರಿಸ್ಬೇಕು. ಯಾರಾದ್ರೂ ಕ್ಯಾನ್ಸರ್ ಅಂದ್ರೆ, "ಬಯಾಪ್ಸಿ ರಿಪೋರ್ಟ್ ಎಲ್ಲದ ರೀ?" ಅಂತ ಕೇಳಿ. ಬಯಾಪ್ಸಿ ಅಂದ್ರೆ ಚೂರು ತೆಗೆದು ಲ್ಯಾಬ್‌ಗೆ ಕಳಿಸೋದು. ಅದೇ ವೋಚರ್. ಹೊಟ್ಟೆ ಸ್ಕ್ಯಾನ್ ಒಂದರಿಂದಲೇ ಗರ್ಭಕಂಠದ ಕ್ಯಾನ್ಸರ್ ಅಂತ ಹೇಳೋಕಾಗಲ್ಲ. ಚೀಲ ತೆಗೀಬೇಕು ಅಂದ್ರೆ ಯಾಕೆ, ಬೇರೆ ದಾರಿ ಏನು, ಅಂಡಾಶಯ ಉಳಿಸ್ತೀರಾ ಅಂತ ಕೇಳಿ, ಇನ್ನೊಬ್ಬ ಡಾಕ್ಟರ್ ಹತ್ರ ತೋರಿಸಿ. ರಕ್ತ ಸುರೀತಾ ಇರೋ ತುರ್ತು ಬೇರೆ, ಉಳಿದಂತೆ ಎರಡನೇ ಅಭಿಪ್ರಾಯಕ್ಕೆ ಟೈಮ್ ಇರುತ್ತೆ. ಬಯಾಪ್ಸಿಯಲ್ಲಿ ಖರೆ ಕ್ಯಾನ್ಸರ್ ಬಂದ್ರೆ ಮಾತ್ರ ಒಂದು ದಿನವೂ ಕಳೀಬೇಡಿ. ಕಲಬುರಗಿಯಲ್ಲಿ ಕಿದ್ವಾಯಿಯ ಕೇಂದ್ರ ಇದೆ, ಗಡಿ ಆಚೆ ಹೈದರಾಬಾದ್‌ನಲ್ಲಿ ಎಂಎನ್‌ಜೆ ಕ್ಯಾನ್ಸರ್ ಆಸ್ಪತ್ರೆ ಇದೆ. ಬೇಗ ಸಿಕ್ಕಿದ ಗರ್ಭಕಂಠದ ಕ್ಯಾನ್ಸರ್ ವಾಸಿಯಾಗುತ್ತೆ.

ಅಕ್ಕ ಏನು ಮಾಡಿದ್ಲು?

ಎರಡು ದಿನ ಆದಮೇಲೆ ನಾನು ಇದನ್ನೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿದ್ಲು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಭಾನುವಾರ ಹಾಸ್ಟೆಲ್‌ಗೆ ಹೋಗಿ ಮಗಳ ಮುಂದೆ ಫಾರಂ ಓದಿದ್ಲಂತೆ. ಯಾವ ರೋಗ, ಹೆಂಗ ಬರ್ತದ, ಯಾಕ ಈಗ, ಎಲ್ಲ. ಹುಡುಗಿ "ಹಾಕಿಸ್ಕೋತೀನಿ" ಅಂದಳು, ಆಮೇಲೆ ಕೇಳಿದಳಂತೆ, "ಅವ್ವಾ, ನೀ ಪರೀಕ್ಷೆ ಮಾಡಿಸ್ಕೊಂಡಿಯೇನು?"

ಅಕ್ಕಗೆ 35. ಒಮ್ಮೆಯೂ ಮಾಡಿಸಿಲ್ಲ.

ಈಗ ಫಾರಂಗೆ ಸೈ ಆಗಿದೆ. ಈ ಗುರುವಾರ ಅಕ್ಕ ಚಿಂಚೋಳಿ ತಾಲೂಕು ಆಸ್ಪತ್ರೆಗೆ ಹೋಗ್ತಾಳೆ. ಬೈಕ್ ನಂದು. ಅವ್ವಗೆ ಈ ಪರೀಕ್ಷೆ ಬೇಕಾಗಿಲ್ಲ, ಅವಳಿಗೆ ಗರ್ಭಕಂಠವೇ ಉಳಿದಿಲ್ಲ. ಆ ಆಪರೇಷನ್ ಆದಮೇಲೆ ಅವಳು ತನಗೆ ಅಂತ ಯಾವ ದವಾಖಾನೆ ಮೆಟ್ಟಿಲೂ ಹತ್ತಿಲ್ಲ. ಆದ್ರೂ ನಿನ್ನೆ ಫೋನ್‌ನಲ್ಲಿ ಹೇಳಿದ್ಲು: "ನಾನೂ ಬಸ್ಸಿಗೆ ಬರ್ತೀನಿ. ಆಕಿಗೇನು ಮಾಡಿದ್ರು, ಏನು ಬರೆದ್ರು, ಕಾಗದ ನಾ ಕೇಳ್ತೀನಿ."

ನಿಮ್ಮ ಮನೆಯಲ್ಲಿ 9ರಿಂದ 14ರ ಹುಡುಗಿ ಇದ್ರೆ ಲಸಿಕೆ ಬಗ್ಗೆ, 30 ದಾಟಿದವರು ಇದ್ರೆ ಪರೀಕ್ಷೆ ಬಗ್ಗೆ, ನಿಮ್ಮೂರಿನ ಆಶಾ ಅಕ್ಕನ್ನ ಇಲ್ಲಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಆ ತೆಲುಗು ವಾಯ್ಸ್ ನಿಮ್ಮ ಗ್ರೂಪಿಗೂ ಬಂದಿದ್ರೆ, ಅದರ ಕೆಳಗೆ ಈ ಎಪಿಸೋಡ್ ಹಾಕಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.